ಸೊಪ್ಪು, ಬೇರು, ತೊಗಟೆಯ ಅಂಶಗಳು ವೈರಸ್ಸನ್ನು ಹೇಗೆ ತಡೆಯುತ್ತವೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಹಿಡಿದು ಡೆಂಗ್ಯೂ, ಚಿಕುನ್‌ಗುನ್ಯಾ ಶುರುವಾದರೆ ಸಾಕು, ಶಿಡ್ಲಘಟ್ಟ, ಚಿಂತಾಮಣಿ, ಕೋಲಾರದ ಕಡೆ ಕಷಾಯದ ಪಾತ್ರೆ ಒಲೆ ಮೇಲೇರುತ್ತದೆ. ಜೊತೆಗೇ ‘ಈ ಸೊಪ್ಪು ವೈರಸ್ಸನ್ನು ಕೊಲ್ಲುತ್ತದೆ, ವಿಜ್ಞಾನಿಗಳೇ ಹೇಳಿದ್ದಾರೆ’ ಎನ್ನುವ ವಾಟ್ಸಾಪ್ ಸಂದೇಶಗಳೂ ಬರತೊಡಗುತ್ತವೆ. ಇವುಗಳಲ್ಲಿ ಶುದ್ಧ ಸುಳ್ಳು ಕಡಿಮೆ, ಅರ್ಧಕ್ಕೆ ನಿಲ್ಲಿಸಿದ ನಿಜವೇ ಜಾಸ್ತಿ. ರೇಷ್ಮೆ ಬೆಳೆಗಾರರು, ಬಿ.ಎಸ್ಸಿ. ಮತ್ತು ನರ್ಸಿಂಗ್ ವಿದ್ಯಾರ್ಥಿಗಳು, ಮನೆಯಲ್ಲಿ ಜ್ವರದವರನ್ನು ನೋಡಿಕೊಳ್ಳುವವರು ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದೆ.

ವೈರಸ್ಸಿಗೆ ಆಂಟಿಬಯೋಟಿಕ್ ಕೆಲಸ ಮಾಡಲ್ಲ ಅಂತಾರೆ. ಅದನ್ನು ತಡೆಯೋದು ಯಾಕೆ ಅಷ್ಟು ಕಷ್ಟ?

ಬ್ಯಾಕ್ಟೀರಿಯಾಕ್ಕೆ ತನ್ನದೇ ಗೋಡೆ ಇದೆ, ಪ್ರೋಟೀನ್ ತಯಾರಿಸುವ ತನ್ನದೇ ವ್ಯವಸ್ಥೆ ಇದೆ. ಆಂಟಿಬಯೋಟಿಕ್ ಹೊಡೆಯುವುದು ಅವನ್ನೇ. ವೈರಸ್ಸಿನ ಬಳಿ ಅಂಥದ್ದೇನೂ ಇಲ್ಲ. ಒಂದಿಷ್ಟು ಆನುವಂಶಿಕ ವಸ್ತು, ಅದರ ಸುತ್ತ ಪ್ರೋಟೀನ್ ಚಿಪ್ಪು, ಕೆಲವಕ್ಕೆ ಮೇಲೊಂದು ಕೊಬ್ಬಿನ ಪೊರೆ, ಅಷ್ಟೇ. ಉಳಿದ ಕೆಲಸವನ್ನೆಲ್ಲ ಅದು ನಮ್ಮ ಜೀವಕೋಶದ ಕೈಲೇ ಮಾಡಿಸಿಕೊಳ್ಳುತ್ತದೆ.

ರೇಷ್ಮೆ ಸಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಲುತೊಂಡೆ ರೋಗ ನೋಡದವರು ಯಾರಿದ್ದಾರೆ? ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳು ಚೆನ್ನಾಗಿ ಸೊಪ್ಪು ತಿನ್ನಬೇಕಾದ ಹೊತ್ತಿನಲ್ಲಿ ತಿನ್ನದೆ ತಟ್ಟೆಯ ಅಂಚಿನಲ್ಲಿ ಸುಮ್ಮನೆ ಅಲೆದಾಡುತ್ತದೆ. ಗೆಣ್ಣುಗಳ ನಡುವೆ ಊದಿಕೊಂಡು ಚರ್ಮ ಮಿರಮಿರ ಹೊಳೆಯುತ್ತದೆ. ಕಾಲಿನ ಹತ್ತಿರ ಸೂಜಿ ತಾಗಿಸಿದರೆ ತಿಳಿಯಾಗಿರಬೇಕಾದ ರಸದ ಬದಲು ಹಾಲಿನಂಥ ಬಿಳಿ ದ್ರವ ಒಸರುತ್ತದೆ. ಆ ಬಿಳುಪು ಕೀವಲ್ಲ. ಹುಳುವಿನ ಜೀವಕೋಶಗಳು ವೈರಸ್ಸಿನ ಅಪ್ಪಣೆಯಂತೆ ತಯಾರಿಸಿದ ಕೋಟ್ಯಂತರ ಪ್ರೋಟೀನ್ ಹರಳುಗಳು ಅವು, ಪ್ರತಿ ಹರಳಿನ ಒಳಗೂ ವೈರಸ್ ಕಣಗಳು. ಹುಳು ತಿಂದ ಸೊಪ್ಪು ರೇಷ್ಮೆಯಾಗುವ ಬದಲು ವೈರಸ್ ಆಗಿದೆ. ಈ ವೈರಸ್ ಮನುಷ್ಯರಿಗೆ ಅಂಟುವುದಿಲ್ಲ. ಆದರೆ ಮನುಷ್ಯರಿಗೆ ಬರುವ ವೈರಸ್‌ಗಳದ್ದೂ ಇದೇ ವರಸೆ.

ಹೀಗಾಗಿ ವೈರಸ್ಸನ್ನು ತಡೆಯಲು ಹೊರಟರೆ ಬಹುಪಾಲು ನಮ್ಮದೇ ಜೀವಕೋಶದ ಕೆಲಸಕ್ಕೆ ಕೈ ಹಾಕಬೇಕಾಗುತ್ತದೆ. ತೊಡಕಿರುವುದು ಅಲ್ಲೇ. ಮುಂದಿನ ಪ್ರಶ್ನೆಗಳಲ್ಲೂ ಇದೇ ಬೇರೆ ಬೇರೆ ರೂಪದಲ್ಲಿ ಎದುರಾಗುತ್ತದೆ.

ಗಿಡದ ಅಂಶಗಳು ಯಾವ ಹಂತದಲ್ಲಿ ಅಡ್ಡ ಬರುತ್ತವೆ?

ವೈರಸ್ ಮೊದಲು ಜೀವಕೋಶದ ಮೇಲೆ ಕೂರಬೇಕು, ಒಳಗೆ ನುಗ್ಗಬೇಕು, ತನ್ನ ಆನುವಂಶಿಕ ವಸ್ತುವಿನ ನಕಲು ಮಾಡಿಸಬೇಕು, ಪ್ರೋಟೀನ್ ತಯಾರಿಸಿಕೊಳ್ಳಬೇಕು, ಬಿಡಿಭಾಗಗಳನ್ನು ಜೋಡಿಸಿ ಹೊರಬೀಳಬೇಕು. ಈ ಒಂದೊಂದು ಹಂತಕ್ಕೂ ಅಡ್ಡ ಬರುವ ಸಸ್ಯಜನ್ಯ ವಸ್ತುಗಳು ಪ್ರಯೋಗಾಲಯದಲ್ಲಿ ಸಿಕ್ಕಿವೆ.

ಹಸಿರು ಚಹಾದ ಕೆಟೆಚಿನ್‌ಗಳು ವೈರಸ್ ಜೀವಕೋಶಕ್ಕೆ ಅಂಟಿಕೊಳ್ಳದಂತೆ ನೋಡಿಕೊಳ್ಳುತ್ತವೆ. ಸುರಹೊನ್ನೆಯ ಕುಟುಂಬದ ಮರವೊಂದರಿಂದ ಬಂದ ಕ್ಯಾಲನೊಲೈಡ್, ಎಚ್‌ಐವಿ ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿಕೊಳ್ಳಲು ಬಳಸುವ ಕಿಣ್ವವನ್ನೇ ಹಿಡಿದು ನಿಲ್ಲಿಸುತ್ತದೆ. ಅಗ್ಲಾಯಿಯ ಜಾತಿಯ ಮರಗಳ ಸಿಲ್ವೆಸ್ಟ್ರಾಲ್ ಜೀವಕೋಶದಲ್ಲಿ ಪ್ರೋಟೀನ್ ತಯಾರಿಕೆ ಶುರುವಾಗುವ ಹಂತವನ್ನೇ ತಡೆಯುತ್ತದೆ. ಎಬೋಲಾದಂಥ ವೈರಸ್ ಕೂಡ ಅದರ ಮುಂದೆ ಮಾನವ ಜೀವಕೋಶಗಳಲ್ಲಿ ಮಂಕಾಗಿದೆ. ಹಿಪ್ಪುನೇರಳೆಯ ವಸ್ತುವೊಂದು ವೈರಸ್ಸಿನ ಹೊರಪೊರೆಯ ಪ್ರೋಟೀನ್ ಸರಿಯಾಗಿ ಮಡಿಚಿಕೊಳ್ಳದಂತೆ ಮಾಡುತ್ತದೆ. ನಮ್ಮ ಊರಿನ ಬೆಳೆಯಾದ್ದರಿಂದ ಇದನ್ನು ಮುಂದೆ ವಿವರವಾಗಿ ನೋಡೋಣ.

ಇವುಗಳನ್ನು ಎರಡು ಗುಂಪು ಮಾಡಬಹುದು. ಕ್ಯಾಲನೊಲೈಡ್ ಥರದವು ವೈರಸ್ಸಿನದೇ ಕಿಣ್ವವನ್ನು ಹಿಡಿಯುತ್ತವೆ. ಅವುಗಳ ಕಾಟ ನಮಗೆ ಕಡಿಮೆ, ಆದರೆ ವೈರಸ್ ಒಂಚೂರು ರೂಪ ಬದಲಿಸಿಕೊಂಡರೆ ಕೈತಪ್ಪಿಸಿಕೊಳ್ಳುತ್ತದೆ. ಸಿಲ್ವೆಸ್ಟ್ರಾಲ್ ಥರದವು ಹಿಡಿಯುವುದು ನಮ್ಮ ಜೀವಕೋಶದ ಭಾಗವನ್ನು. ವೈರಸ್ ಅವುಗಳಿಂದ ಸುಲಭಕ್ಕೆ ತಪ್ಪಿಸಿಕೊಳ್ಳಲಾರದು, ಆದರೆ ಅದರ ಬೆಲೆ ತೆರುವವರು ನಾವು.

ಹಿಪ್ಪುನೇರಳೆ ಸೊಪ್ಪಲ್ಲಿ ವೈರಸ್ ತಡೆಯೋ ವಸ್ತು ಇದೆಯಂತೆ. ನಿಜಾನಾ?

ನಿಜ. ಅದರ ಹೆಸರು ಡಿಯಾಕ್ಸಿನೊಜಿರಿಮೈಸಿನ್, ಚಿಕ್ಕದಾಗಿ ಡಿಎನ್‌ಜೆ. 1976ರಲ್ಲಿ ಜಪಾನಿನ ಸಂಶೋಧಕರು ಇದನ್ನು ಹಿಪ್ಪುನೇರಳೆ ಬೇರಿನ ತೊಗಟೆಯಿಂದ ಬೇರ್ಪಡಿಸಿದರು. ನೋಡಲು ಥೇಟ್ ಗ್ಲೂಕೋಸ್‌ನಂತೆಯೇ ಇದೆ. ಉಂಗುರದಲ್ಲಿ ಆಮ್ಲಜನಕ ಇರಬೇಕಾದ ಜಾಗದಲ್ಲಿ ಸಾರಜನಕ ಕೂತಿದೆ. ಸಕ್ಕರೆ ಕತ್ತರಿಸುವ ಕಿಣ್ವಗಳು ಇದನ್ನೇ ಗ್ಲೂಕೋಸ್ ಎಂದು ಹಿಡಿದುಕೊಂಡು ಕೆಲಸ ನಿಲ್ಲಿಸಿಬಿಡುತ್ತವೆ. ಗಿಡ ಇದನ್ನು ತಯಾರಿಸಿಕೊಂಡಿರುವುದು ನಮಗೋಸ್ಕರ ಅಲ್ಲ, ಎಲೆ ತಿನ್ನಲು ಬರುವ ಕೀಟಗಳನ್ನು ದೂರ ಇಡಲು. ಎಲೆ ಚಿವುಟಿದಾಗ ಬರುವ ಹಾಲಿನಲ್ಲಿ ಇಂಥ ಸಕ್ಕರೆವೇಷದ ವಸ್ತುಗಳು ಹೇರಳವಾಗಿವೆ. ಬೇರೆ ಕೀಟಗಳ ಮರಿಗಳಿಗೆ ಅದು ವಿಷ, ರೇಷ್ಮೆಹುಳು ಮಾತ್ರ ಅದನ್ನು ತಾಳಿಕೊಳ್ಳುವ ವಿದ್ಯೆ ಕಲಿತುಬಿಟ್ಟಿದೆ.

ಸಕ್ಕರೆ ಕತ್ತರಿಸುವ ಕಿಣ್ವಕ್ಕೂ ವೈರಸ್ಸಿಗೂ ಏನು ನಂಟು? ನಮ್ಮ ಜೀವಕೋಶದೊಳಗೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಗಳ ಜಾಲವಿದೆ. ಹೊರಕ್ಕೆ ಹೋಗಬೇಕಾದ ಪ್ರೋಟೀನ್‌ಗಳು ತಯಾರಾಗಿ, ಮಡಿಚಿಕೊಂಡು, ಆಕಾರ ಪಡೆಯುವುದು ಅಲ್ಲಿಯೇ. ಅಲ್ಲಿ ಪ್ರೋಟೀನ್‌ಗೆ 14 ಸಕ್ಕರೆಗಳ ಒಂದು ಗೊಂಚಲು ಅಂಟಿಕೊಳ್ಳುತ್ತದೆ. ಗೊಂಚಲಿನ ತುದಿಯಲ್ಲಿ ಮೂರು ಗ್ಲೂಕೋಸ್. ಗ್ಲೂಕೊಸಿಡೇಸ್ ಎಂಬ ಎರಡು ಕಿಣ್ವಗಳು ಒಂದಾದ ಮೇಲೊಂದರಂತೆ ಅವನ್ನು ಕತ್ತರಿಸುತ್ತವೆ. ಒಂದೇ ಗ್ಲೂಕೋಸ್ ಉಳಿದ ಹೊತ್ತಿಗೆ ಸರಿಯಾಗಿ ಮಡಿಚಲು ನೆರವಾಗುವ ಪ್ರೋಟೀನ್ ಬಂದು ಅದನ್ನು ಹಿಡಿದುಕೊಳ್ಳುತ್ತದೆ. ಡಿಎನ್‌ಜೆ ಈ ಕತ್ತರಿಯನ್ನು ತಡೆದರೆ ಮೂರೂ ಗ್ಲೂಕೋಸ್ ಹಾಗೇ ಉಳಿಯುತ್ತವೆ, ನೆರವಿನವರು ಹಿಡಿಯುವುದಿಲ್ಲ, ಪ್ರೋಟೀನ್ ಸೊಟ್ಟಗಾಗುತ್ತದೆ. ಡೆಂಗ್ಯೂ, ಎಚ್‌ಐವಿ, ಹೆಪಟೈಟಿಸ್ ಬಿ ಮುಂತಾದ ಪೊರೆ ಹೊದ್ದ ವೈರಸ್‌ಗಳ ಹೊರಮೈ ಪ್ರೋಟೀನ್‌ಗಳು ಈ ದಾರಿಯಲ್ಲೇ ಬರಬೇಕು. ಅವು ಸೊಟ್ಟಗಾದರೆ ಹೊರಬೀಳುವ ಕಣಗಳು ಕಡಿಮೆ, ಬಿದ್ದವಕ್ಕೂ ಮುಂದಿನ ಜೀವಕೋಶಕ್ಕೆ ನುಗ್ಗುವ ತಾಕತ್ತು ಇರುವುದಿಲ್ಲ.

ಇದು ಮನುಷ್ಯರಲ್ಲೂ ನಡೆಯಬಲ್ಲದು ಎನ್ನುವುದಕ್ಕೆ ಒಂದು ಅಪರೂಪದ ಪುರಾವೆ ಇದೆ. ಈ ಕಿಣ್ವಗಳಲ್ಲಿ ಮೊದಲನೆಯದು ಹುಟ್ಟಿನಿಂದಲೇ ಕೆಲಸ ಮಾಡದ ಇಬ್ಬರು ಒಡಹುಟ್ಟಿದವರ ಬಗ್ಗೆ 2014ರಲ್ಲಿ ವೈದ್ಯಕೀಯ ವರದಿ ಬಂತು. ಅವರ ರಕ್ತದಲ್ಲಿ ರೋಗನಿರೋಧಕ ಪ್ರೋಟೀನ್‌ಗಳು ತೀರಾ ಕಡಿಮೆ. ಪದೇ ಪದೇ ಸೋಂಕು ತಗಲಬೇಕಿತ್ತು, ಆದರೆ ತಗಲುತ್ತಿರಲಿಲ್ಲ. ಅವರ ಜೀವಕೋಶಗಳನ್ನು ಪರೀಕ್ಷಿಸಿದಾಗ ಎಚ್‌ಐವಿ, ಇನ್‌ಫ್ಲುಯೆಂಜಾದಂಥ ಪೊರೆಯ ವೈರಸ್‌ಗಳು ಅವುಗಳಲ್ಲಿ ಸರಿಯಾಗಿ ಬೆಳೆಯಲೇ ಇಲ್ಲ. ಇದನ್ನು ಓದಿ ವರ ಎಂದುಕೊಳ್ಳುವ ಮೊದಲು ಇನ್ನೊಂದು ಸಾಲು ಓದಬೇಕು. ಆ ಮಕ್ಕಳ ಬೆಳವಣಿಗೆ ಕುಂಠಿತವಾಗಿತ್ತು, ಮಿದುಳಿಗೆ ಸಂಬಂಧಿಸಿದ ತೀವ್ರ ತೊಂದರೆಗಳಿದ್ದವು.

ಹಾಗಾದರೆ ಎರಡು ಹಿಡಿ ಸೊಪ್ಪು ಕುದಿಸಿ ಕುಡಿದರೆ ಡೆಂಗ್ಯೂಗೆ ಆಗಲ್ವಾ?

ಆಗುವುದಿಲ್ಲ. ಒಣಗಿದ ಸೊಪ್ಪಿನಲ್ಲಿ ಡಿಎನ್‌ಜೆ ಇರುವುದು ಸಾಮಾನ್ಯವಾಗಿ ಶೇ. 0.1ರ ಆಸುಪಾಸು. ತಳಿ, ಹವೆ, ಎಲೆಯ ವಯಸ್ಸಿನ ಮೇಲೆ ಹೆಚ್ಚುಕಡಿಮೆಯಾಗುತ್ತದೆ. ಅದು ಮೊದಲು ಸಿಗುವುದು ನಮ್ಮ ಕರುಳಿನಲ್ಲಿರುವ ಸಕ್ಕರೆ ಕತ್ತರಿಸುವ ಕಿಣ್ವಗಳ ಕೈಗೆ. ಅಲ್ಲಿ ಅದರ ಪರಿಣಾಮ ಚೆನ್ನಾಗಿಯೇ ಇದೆ. ಇದೇ ಡಿಎನ್‌ಜೆಯನ್ನು ತುಸು ಮಾರ್ಪಡಿಸಿದ ಮಿಗ್ಲಿಟಾಲ್, ಊಟದ ನಂತರ ಸಕ್ಕರೆ ಏರದಂತೆ ಕೊಡುವ ಡಯಾಬಿಟಿಸ್ ಮಾತ್ರೆ. ಇನ್ನೊಂದು ರೂಪ ಮಿಗ್ಲುಸ್ಟಾಟ್ ಗೌಷರ್ ಎಂಬ ಅಪರೂಪದ ಆನುವಂಶಿಕ ಕಾಯಿಲೆಗೆ ಔಷಧ. ಆದರೆ ವೈರಸ್ ಇರುವ ಜೀವಕೋಶದ ಒಳಜಾಲದವರೆಗೆ ಸಾಕಷ್ಟು ಪ್ರಮಾಣ ತಲುಪಬೇಕಾದರೆ ಕಷಾಯ ಸಾಲದು. ಅಷ್ಟು ಕುಡಿದರೆ ವೈರಸ್ಸಿಗಿಂತ ಮೊದಲು ಹೊಟ್ಟೆ ಕೆಡುತ್ತದೆ. ಕರುಳಿನಲ್ಲಿ ಜೀರ್ಣವಾಗದೆ ಉಳಿದ ಸಕ್ಕರೆ ಹುದುಗಿ ಹೊಟ್ಟೆಯುಬ್ಬರ, ಭೇದಿ ಶುರುವಾಗುತ್ತವೆ.

ಸಂಶೋಧಕರಿಗೂ ಇದು ಗೊತ್ತಿತ್ತು. ಆದ್ದರಿಂದ ಜೀವಕೋಶದೊಳಗೆ ಸುಲಭವಾಗಿ ಇಳಿಯುವಂತೆ ಅಣುವಿಗೆ ಬಾಲ ಜೋಡಿಸಿದ ರೂಪಗಳನ್ನು ತಯಾರಿಸಿದರು. ಇದೇ ಬಗೆಯ ಇನ್ನೊಂದು ಸಸ್ಯವಸ್ತು ಆಸ್ಟ್ರೇಲಿಯಾದ ಮರವೊಂದರ ಬೀಜದಲ್ಲಿರುವ ಕ್ಯಾಸ್ಟನೊಸ್ಪರ್ಮಿನ್. ಅದರಿಂದ ಮಾಡಿದ ಸೆಲ್ಗೊಸಿವಿರ್ ಮಾತ್ರೆ ಡೆಂಗ್ಯೂ ತಗಲಿಸಿದ ಇಲಿಗಳನ್ನು ಉಳಿಸಿತ್ತು. ಸಿಂಗಪುರದಲ್ಲಿ 50 ಡೆಂಗ್ಯೂ ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿದರು, ಫಲಿತಾಂಶ 2014ರಲ್ಲಿ ಬಂತು. ಮಾತ್ರೆ ಸುರಕ್ಷಿತವೇನೋ ಆಗಿತ್ತು, ಆದರೆ ರಕ್ತದಲ್ಲಿನ ವೈರಸ್ಸೂ ಗಮನಾರ್ಹವಾಗಿ ತಗ್ಗಲಿಲ್ಲ, ಜ್ವರವೂ ತಗ್ಗಲಿಲ್ಲ. ಡೆಂಗ್ಯೂವಿನಲ್ಲಿ ಜ್ವರ ಬಂದು ಆಸ್ಪತ್ರೆ ಸೇರುವ ಹೊತ್ತಿಗೆ ವೈರಸ್ಸಿನ ಏರಿಕೆ ಮುಗಿಯುತ್ತ ಬಂದಿರುತ್ತದೆ. ಯಾವುದೇ ಔಷಧಕ್ಕೂ ಇದು ದೊಡ್ಡ ತೊಡಕು. ಇಷ್ಟು ಕಾಳಜಿಯಿಂದ ಶುದ್ಧ ಮಾಡಿ, ತೂಕ ಹಾಕಿ ಕೊಟ್ಟ ವಸ್ತುವಿನ ಕತೆಯೇ ಹೀಗಿರುವಾಗ ಸೊಪ್ಪಿನ ನೀರಿನ ಬಗ್ಗೆ ಯಾರಾದರೂ ಗ್ಯಾರಂಟಿ ಕೊಟ್ಟರೆ ಅನುಮಾನ ಪಡಬೇಕು.

ಇನ್ನೊಂದು ಮಾತು. ತೋಟದ ಸೊಪ್ಪಿಗೆ ಯಾವಾಗ ಯಾವ ಔಷಧಿ ಹೊಡೆದಿದ್ದಾರೆ ಎಂದು ತಿಳಿಯದೆ ಕುದಿಸಿ ಕುಡಿಯಬೇಡಿ. ಹುಳುವಿಗೆ ಕೊಡುವಾಗ ಎಷ್ಟು ದಿನ ಬಿಡಬೇಕು ಎಂದು ಲೆಕ್ಕ ಹಾಕುವವರೇ ತಮ್ಮ ಹೊಟ್ಟೆಗೆ ಹಾಕುವಾಗ ಆ ಲೆಕ್ಕ ಮರೆಯುತ್ತಾರೆ.

ಹುಳು ದಿನವಿಡೀ ಅದೇ ಸೊಪ್ಪು ತಿನ್ನುತ್ತಲ್ಲ, ಆದರೂ ಹಾಲುತೊಂಡೆ ಯಾಕೆ ಬರುತ್ತೆ?

ಈ ವಿಷಯದಲ್ಲಿ ಕೇಳಬಹುದಾದ ಅತ್ಯುತ್ತಮ ಪ್ರಶ್ನೆ ಇದು, ಕೇಳುವವರು ಯಾವಾಗಲೂ ಬೆಳೆಗಾರರೇ. ಹುಳುವಿನ ಮೈಯಲ್ಲಿ ಡಿಎನ್‌ಜೆ ಶೇಖರವಾಗುತ್ತದೆ, ಆದರೂ ರೋಗ ಬರುತ್ತದೆ. ವೈರಸ್ ತಡೆಯುವ ವಸ್ತು ಮೈಯಲ್ಲಿ ಇದ್ದ ಮಾತ್ರಕ್ಕೆ ಆಗದು. ಅದು ಸರಿಯಾದ ಜೀವಕೋಶದ ಸರಿಯಾದ ಮೂಲೆಯಲ್ಲಿ, ಆ ವೈರಸ್ಸಿಗೆ ತಕ್ಕ ಪ್ರಮಾಣದಲ್ಲಿ, ತಕ್ಕ ಹೊತ್ತಿಗೆ ಇರಬೇಕು. ಹಾಲುತೊಂಡೆಗೆ ಮದ್ದು ಇವತ್ತಿಗೂ ಸಾಕಣೆ ಮನೆ ತೊಳೆದು ಬ್ಲೀಚಿಂಗ್ ಪೌಡರ್, ಸುಣ್ಣ ಬಳಸುವುದು, ರೋಗದ ಹುಳುಗಳನ್ನು ಆರಿಸಿ ತೆಗೆದು ಹೂಳುವುದು, ಬಿಸಿ ಮತ್ತು ತೇವ ಹದದಲ್ಲಿ ಇಡುವುದು.

‘ಮಾನವ ಜೀವಕೋಶದಲ್ಲಿ ಸಾಬೀತಾಗಿದೆ’ ಅಂದ್ರೆ ಮನುಷ್ಯರಲ್ಲಿ ಸಾಬೀತಾದ ಹಾಗೇ ಅಲ್ವಾ?

ಅಲ್ಲವೇ ಅಲ್ಲ. ಪ್ರಯೋಗಾಲಯದ ಮಾನವ ಜೀವಕೋಶ ಎಂದರೆ ಸಾಮಾನ್ಯವಾಗಿ ಗಡ್ಡೆಯಿಂದ ಬಂದು ಪ್ಲಾಸ್ಟಿಕ್ ತಟ್ಟೆಯಲ್ಲಿ ಸಾವಿಲ್ಲದೆ ಬೆಳೆಯುತ್ತಿರುವ ಕೋಶ. ಹೀಲಾ ಕೋಶಗಳು 1951ರಲ್ಲಿ ಅಮೆರಿಕದ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬಾಕೆಯ ಗರ್ಭಕಂಠದ ಕ್ಯಾನ್ಸರ್‌ನಿಂದ ಬಂದವು. ಡೆಂಗ್ಯೂ, ಹೆಪಟೈಟಿಸ್ ಪರೀಕ್ಷೆಗೆ ಬಳಸುವ ಹುಹ್-7 ಯಕೃತ್ತಿನ ಗಡ್ಡೆಯದು. ಎಷ್ಟೋ ಸಲ ಬಳಸುವುದು ಮಾನವ ಕೋಶವನ್ನೂ ಅಲ್ಲ, ವೆರೊ ಎಂಬ ಆಫ್ರಿಕದ ಕೋತಿಯ ಮೂತ್ರಪಿಂಡದ ಕೋಶವನ್ನು. ವೆರೊ ಕೋಶಕ್ಕೆ ವೈರಸ್ ವಿರುದ್ಧ ಎಚ್ಚರಿಸುವ ಇಂಟರ್‌ಫೆರಾನ್ ಎಂಬ ಪ್ರೋಟೀನ್ ತಯಾರಿಸಲು ಬರುವುದಿಲ್ಲ, ಆದ್ದರಿಂದ ಅದರಲ್ಲಿ ವೈರಸ್ ಸೊಂಪಾಗಿ ಬೆಳೆಯುತ್ತದೆ. ಪ್ರಯೋಗಕ್ಕೆ ಅನುಕೂಲ, ಆದರೆ ನಮ್ಮ ದೇಹ ಹಾಗಿಲ್ಲ.

ಕೋಶ ಬದಲಾದರೆ ಫಲಿತಾಂಶ ಎಷ್ಟು ಬದಲಾಗುತ್ತದೆ ಎನ್ನಲು ಕೋವಿಡ್ ಕಾಲದ ಉದಾಹರಣೆ ಸಾಕು. ಸಿಂಕೋನ ತೊಗಟೆಯ ಕ್ವಿನೈನ್ ಮಾದರಿಯಲ್ಲಿ ತಯಾರಾದವು ಕ್ಲೋರೊಕ್ವಿನ್ ಮತ್ತು ಹೈಡ್ರಾಕ್ಸಿಕ್ಲೋರೊಕ್ವಿನ್. ವೆರೊ ಕೋಶಗಳಲ್ಲಿ ಇವು ಕೊರೊನಾ ವೈರಸ್ಸನ್ನು ಚೆನ್ನಾಗಿ ತಡೆದವು, ಜಗತ್ತೇ ಮಾತ್ರೆಗೆ ಮುಗಿಬಿತ್ತು. ಆಮೇಲೆ ಕ್ಯಾಲು-3 ಎಂಬ ಮಾನವ ಶ್ವಾಸಕೋಶದ ಕೋಶಗಳಲ್ಲಿ ನೋಡಿದಾಗ ಕ್ಲೋರೊಕ್ವಿನ್ ಏನೂ ಮಾಡಲಿಲ್ಲ. ವೆರೊ ಕೋಶದೊಳಗೆ ವೈರಸ್ ಹೋಗುವುದು ಆಮ್ಲೀಯ ಚೀಲದ ದಾರಿಯಲ್ಲಿ, ಔಷಧ ಕೆಡಿಸುವುದು ಆ ದಾರಿಯನ್ನು. ಶ್ವಾಸಕೋಶದಲ್ಲಿ ಮಾತ್ರ ಕೋಶದ ಮೇಲ್ಮೈಯಲ್ಲಿರುವ ಬೇರೊಂದು ಕಿಣ್ವದ ನೆರವಿನಿಂದ ವೈರಸ್ ನೇರ ನುಗ್ಗುತ್ತದೆ. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ 1,561 ಒಳರೋಗಿಗಳಿಗೆ ಹೈಡ್ರಾಕ್ಸಿಕ್ಲೋರೊಕ್ವಿನ್ ಕೊಟ್ಟು ನೋಡಿದರು. ಸಾವು ಕಡಿಮೆಯಾಗಲಿಲ್ಲ.

ಪ್ರಬಂಧಗಳಲ್ಲಿ ಇಸಿ-50, ಸಿಸಿ-50 ಅಂತ ಇರುತ್ತಲ್ಲ, ಅದೇನು?

ವೈರಸ್ ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸಲು ಬೇಕಾದ ಪ್ರಮಾಣ ಇಸಿ-50. ಜೀವಕೋಶಗಳಲ್ಲಿ ಅರ್ಧದಷ್ಟನ್ನು ಸಾಯಿಸುವ ಪ್ರಮಾಣ ಸಿಸಿ-50. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವ ಸಂಖ್ಯೆಯಲ್ಲೇ ಸಾರ ಇರುವುದು. ಅದು ಒಂದು, ಎರಡು ಇದ್ದರೆ ವೈರಸ್ ತಗ್ಗಿದ್ದು ಕೋಶವೇ ಸಾಯುತ್ತಿದೆ ಎಂಬ ಕಾರಣಕ್ಕೆ. ರಾಗಿ ಹೊಲಕ್ಕೆ ಹೊಡೆದ ಕಳೆನಾಶಕ ಪೈರನ್ನೂ ಸುಟ್ಟರೆ ಕಳೆ ಹೋಯಿತು ಎಂದು ಖುಷಿಪಡುವವರಿಲ್ಲ. ಇಪೆಕಾಕ್ ಎಂಬ ಗಿಡದ ಬೇರಿನ ಎಮೆಟಿನ್ ಇದಕ್ಕೆ ಒಳ್ಳೆಯ ನಿದರ್ಶನ. ತಟ್ಟೆಯಲ್ಲಿ ಹತ್ತಾರು ವೈರಸ್‌ಗಳನ್ನು ಅತಿ ಕಡಿಮೆ ಪ್ರಮಾಣದಲ್ಲೇ ತಡೆಯುತ್ತದೆ. ಹಿಂದೆ ಅಮೀಬಾ ಭೇದಿಗೆ ಚುಚ್ಚುಮದ್ದಾಗಿ ಕೊಡುತ್ತಿದ್ದಾಗ ಅದು ಹೃದಯಕ್ಕೆ ಹಾನಿ ಮಾಡುವುದು ಕಂಡಿತ್ತು.

ಇನ್ನೊಂದು ಲೆಕ್ಕವನ್ನೂ ನೋಡಬೇಕು. ತಟ್ಟೆಯಲ್ಲಿ ಕೆಲಸ ಮಾಡಿದ ಪ್ರಮಾಣ ರಕ್ತದಲ್ಲಿ ಸಾಧ್ಯವೇ? 2003ರಲ್ಲಿ ಫ್ರಾಂಕ್‌ಫರ್ಟಿನ ಸಂಶೋಧಕರು ಜ್ಯೇಷ್ಠಮಧುವಿನ ಗ್ಲೈಸಿರೈಜಿನ್ ಕೊರೊನಾ ಬಳಗದ ಸಾರ್ಸ್ ವೈರಸ್ಸನ್ನು ತಡೆಯುತ್ತದೆ ಎಂದು ತೋರಿಸಿದರು. ಕೋವಿಡ್ ಬಂದಾಗ ಆ ಪ್ರಬಂಧ ಮತ್ತೆ ಎಲ್ಲೆಡೆ ಓಡಾಡಿತು. ಅದಕ್ಕೆ ಬೇಕಾಗಿದ್ದ ಇಸಿ-50 ಲೀಟರಿಗೆ 300 ಮಿಲಿಗ್ರಾಂ ಎನ್ನುವುದು ಮಾತ್ರ ಓಡಾಡಲಿಲ್ಲ. ಜ್ಯೇಷ್ಠಮಧು ಅಗಿದು ಆ ಮಟ್ಟ ತಲುಪಲು ಹೊರಟರೆ ಅದಕ್ಕೆ ಎಷ್ಟೋ ಮೊದಲೇ ಪೊಟ್ಯಾಸಿಯಮ್ ಕುಸಿದು ಬಿಪಿ ಏರುತ್ತದೆ.

ಅರಿಶಿನ? ಅದನ್ನಾದ್ರೂ ಒಪ್ಪಿಕೊಳ್ಳಿ!

ಸಾರಿಗೆ ಒಪ್ಪಿದೆ. ವೈರಸ್ಸಿಗೆ ಒಪ್ಪುವುದು ಕಷ್ಟ. ಅರಿಶಿನದ ಕುರ್ಕ್ಯುಮಿನ್ ಪ್ರಯೋಗಾಲಯದಲ್ಲಿ ಹೆಚ್ಚುಕಡಿಮೆ ಪರೀಕ್ಷಿಸಿದ ಎಲ್ಲದರ ಮೇಲೂ ಪರಿಣಾಮ ತೋರಿಸುತ್ತದೆ, ಅನುಮಾನಕ್ಕೆ ಕಾರಣವೇ ಅದು. ಅದು ಪ್ರೋಟೀನ್‌ಗಳಿಗೆ ಸಿಕ್ಕಸಿಕ್ಕಲ್ಲಿ ಅಂಟುತ್ತದೆ, ತಾನೇ ಹೊಳೆದು ಅಳತೆಯ ಉಪಕರಣವನ್ನು ದಾರಿ ತಪ್ಪಿಸುತ್ತದೆ, ದ್ರಾವಣದಲ್ಲಿ ಬೇಗ ಒಡೆದುಹೋಗುತ್ತದೆ. ಔಷಧ ರಸಾಯನಶಾಸ್ತ್ರಜ್ಞರು 2017ರಲ್ಲಿ ಇದನ್ನೆಲ್ಲ ಒಟ್ಟಾಗಿ ಪರಿಶೀಲಿಸಿ ಔಷಧದ ಆರಂಭಬಿಂದುವಾಗಿ ಇದನ್ನು ನೆಚ್ಚಿಕೊಳ್ಳಬೇಡಿ ಎಂದರು. ತೊಗಟೆ, ಕಾಯಿಗಳ ಒಗರಿಗೆ ಕಾರಣವಾದ ಟ್ಯಾನಿನ್‌ಗಳದ್ದೂ ಇದೇ ಪಾಡು. ಎಲ್ಲ ಪ್ರೋಟೀನಿಗೂ ಅಂಟುವ ವಸ್ತು ವೈರಸ್ಸಿನ ಪ್ರೋಟೀನಿಗೂ ಅಂಟಿದರೆ ಅದರಲ್ಲಿ ಅಚ್ಚರಿಯೇನಿಲ್ಲ.

ಮೆಣಸು ಸೇರಿಸಿದರೆ ಮೈಗೆ ಹತ್ತುತ್ತದೆ ಎನ್ನುವುದಕ್ಕೆ ಆಧಾರ ನಮ್ಮ ಬೆಂಗಳೂರಿನದೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದ, 1998ರಲ್ಲಿ ಪ್ರಕಟವಾದ ಅಧ್ಯಯನ ಅದು. 2 ಗ್ರಾಂ ಕುರ್ಕ್ಯುಮಿನ್ ಒಂದನ್ನೇ ನುಂಗಿದವರ ರಕ್ತದಲ್ಲಿ ಅದು ಸಿಕ್ಕಿದ್ದು ಇಲ್ಲವೆನ್ನುವಷ್ಟು. ಜೊತೆಗೆ ಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಶೇ. 2000ರಷ್ಟು ಹೆಚ್ಚಿತು. ಸಂಖ್ಯೆ ದೊಡ್ಡದು, ಆದರೆ ಹೆಚ್ಚಿದ್ದು ಇಲ್ಲವೆನ್ನುವಷ್ಟು ಇದ್ದದ್ದು. ಮೆಣಸಿನ ಪೈಪರಿನ್ ಇದನ್ನು ಸಾಧಿಸುವುದು ಔಷಧಗಳನ್ನು ಒಡೆಯುವ ಕರುಳು, ಯಕೃತ್ತಿನ ಕಿಣ್ವಗಳನ್ನು ನಿಧಾನ ಮಾಡಿ. ಫಿಟ್ಸ್ ಮಾತ್ರೆ, ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಮೆಣಸಿನ ಸತ್ವ ಸೇರಿಸಿದ ಕ್ಯಾಪ್ಸೂಲ್ ಶುರು ಮಾಡುವ ಮೊದಲು ಡಾಕ್ಟರಿಗೆ ಹೇಳಬೇಕು. ಸಾರಿನ ಮೆಣಸಿಗೆ ಹೆದರಬೇಕಿಲ್ಲ.

ಕಾಮಾಲೆಗೆ ನೆಲನೆಲ್ಲಿ ಕೊಟ್ಟು ವಾಸಿ ಮಾಡಿದವರನ್ನ ಕಣ್ಣಾರೆ ನೋಡಿದ್ದೀವಿ.

ನೋಡಿರುತ್ತೀರಿ. ನಮ್ಮ ಕಡೆ ನೀರಿನಿಂದ ಬರುವ ಕಾಮಾಲೆ ಹೆಚ್ಚಾಗಿ ಹೆಪಟೈಟಿಸ್ ಎ ಅಥವಾ ಇ. ಬಹುತೇಕರಲ್ಲಿ ಅದು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿಗೆ ಬಾಯಿಗೆ ಏನು ಬಿದ್ದಿತ್ತೋ ಅದಕ್ಕೆ ಹೆಸರು ಬರುತ್ತದೆ. ಗರ್ಭಿಣಿಯರಿಗೆ ಹೆಪಟೈಟಿಸ್ ಇ ಬಂದರೆ ಮಾತ್ರ ಪ್ರಾಣಾಪಾಯ, ಅಲ್ಲಿ ಕಾಯುತ್ತ ಕೂರುವಂತಿಲ್ಲ.

ಹೆಪಟೈಟಿಸ್ ಬಿ ಕತೆ ಬೇರೆ, ನೆಲನೆಲ್ಲಿಯ ಕತೆ ನಿಜಕ್ಕೂ ಕುತೂಹಲದ್ದು. ಹೆಪಟೈಟಿಸ್ ಬಿ ವೈರಸ್ಸನ್ನು ಪತ್ತೆಹಚ್ಚಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಅವರ ತಂಡವೇ ಈ ಗಿಡದ ಸಾರ ವೈರಸ್ಸಿನ ಡಿಎನ್‌ಎ ನಕಲು ಮಾಡುವ ಕಿಣ್ವವನ್ನು ತಡೆಯುತ್ತದೆ ಎಂದು 1987ರಲ್ಲಿ ವರದಿ ಮಾಡಿತು. ಮರುವರ್ಷ ಚೆನ್ನೈನ ಅಧ್ಯಯನ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನೆಲನೆಲ್ಲಿ ಪುಡಿ ತೆಗೆದುಕೊಂಡ 37 ಜನರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು, ಔಷಧವಿಲ್ಲದ ಹುಸಿ ಮಾತ್ರೆಯ 23 ಜನರಲ್ಲಿ ಒಬ್ಬರಿಗೆ ಮಾತ್ರ. ಜಗತ್ತಿನ ಹಲವೆಡೆ ಅದನ್ನು ಮತ್ತೆ ಮಾಡಿ ನೋಡಿದರು, ಆ ಫಲ ಮರುಕಳಿಸಲಿಲ್ಲ. ಗಿಡದ ಜಾತಿಯೇ ಬೇರೆಯಾಗಿತ್ತೇ, ಬೆಳೆದ ಮಣ್ಣೇ, ಕೊಯ್ದ ಕಾಲವೇ ಎಂದು ವರ್ಷಗಟ್ಟಲೆ ಚರ್ಚೆ ನಡೆಯಿತು. ನೆಲನೆಲ್ಲಿ, ಕಿರುನೆಲ್ಲಿ ಎಂದು ನಾವು ಕೀಳುವ ಗಿಡಗಳಲ್ಲೇ ಒಂದಕ್ಕಿಂತ ಹೆಚ್ಚು ಜಾತಿಗಳಿವೆ.

ಈಗ ಹೆಪಟೈಟಿಸ್ ಬಿಗೆ ಟೆನೊಫೊವಿರ್, ಎಂಟೆಕಾವಿರ್ ಮಾತ್ರೆಗಳಿವೆ, ಅವು ಅದೇ ಕಿಣ್ವವನ್ನು ತಡೆಯುತ್ತವೆ. ಅವನ್ನು ನಡುವೆ ನಿಲ್ಲಿಸಿ ನಾಟಿ ಔಷಧಿಗೆ ಹೋದರೆ ವೈರಸ್ ಒಮ್ಮೆಲೇ ಎದ್ದು ಯಕೃತ್ತು ಕೈಕೊಡುವ ಸಂಭವವಿದೆ. ಇಡೀ ಪುಟದಲ್ಲಿ ಒಂದೇ ಒಂದು ಎಚ್ಚರಿಕೆಯನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ.

ಡೆಂಗ್ಯೂಗೆ ಪರಂಗಿ ಎಲೆ ರಸ?

ಪ್ಲೇಟ್‌ಲೆಟ್ ಸ್ವಲ್ಪ ಬೇಗ ಏರುತ್ತದೆ ಎಂದು ಭಾರತ, ಮಲೇಷ್ಯಾದ ಕೆಲವು ಪ್ರಯೋಗಗಳು ಹೇಳಿವೆ. ಅದು ವೈರಸ್ಸನ್ನು ತಡೆದ ಪುರಾವೆಯಲ್ಲ, ಸಾವು ತಪ್ಪಿಸಿದ ಪುರಾವೆಯೂ ಅಲ್ಲ. ಡೆಂಗ್ಯೂವಿನಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ರಕ್ತನಾಳದಿಂದ ದ್ರವ ಸೋರಿ ಬಿಪಿ ಕುಸಿಯುವುದು. ಜ್ವರ ಬಿಟ್ಟ ಮೇಲೆ ಹೊಟ್ಟೆನೋವು, ನಿಲ್ಲದ ವಾಂತಿ, ಕೈಕಾಲು ತಣ್ಣಗಾಗುವುದು ಕಂಡರೆ ಎಲೆ ಅರೆಯುತ್ತ ಕೂರದೆ ಹೊರಡಿ. ರಸ ಕುಡಿದೇ ವಾಂತಿ ಹೆಚ್ಚಿಸಿಕೊಳ್ಳುವವರೂ ಇದ್ದಾರೆ.

ತಮಿಳುನಾಡಿನವರು ಸರ್ಕಾರದಿಂದಲೇ ನೆಲಬೇವು ಕಷಾಯ ಕೊಡ್ತಾರಲ್ಲ?

ಕೊಡುತ್ತಾರೆ. ನಿಲವೇಂಬು ಕುಡಿನೀರ್ ಎಂಬ, ಸಿದ್ಧ ವೈದ್ಯ ಪದ್ಧತಿಯ ಆ ಮಿಶ್ರಣ ಗಡಿ ದಾಟಿ ನಮ್ಮ ಕಡೆಗೂ ಪರಿಚಿತ. ನೆಲಬೇವಿನ ಕಹಿಗೆ ಕಾರಣವಾದ ಆಂಡ್ರೊಗ್ರಾಫೊಲೈಡ್ ಚಿಕುನ್‌ಗುನ್ಯಾ ವೈರಸ್ಸನ್ನು ಯಕೃತ್ತಿನ ಮಾನವ ಕೋಶಗಳಲ್ಲಿ ತಗ್ಗಿಸಿದ್ದನ್ನು 2015ರಲ್ಲಿ ತೋರಿಸಿದ್ದಾರೆ. 2006ರಲ್ಲಿ ಚಿಕುನ್‌ಗುನ್ಯಾ ಬಂದು ತಿಂಗಳುಗಟ್ಟಲೆ ಗಂಟುನೋವಿನಿಂದ ನರಳಿದವರಿಗೆ ಇದು ಆಸೆ ಹುಟ್ಟಿಸುವ ಸುದ್ದಿಯೇ. ಮನುಷ್ಯರಲ್ಲಿ ವೈರಸ್ಸನ್ನು ತಡೆಯುತ್ತದೆ ಎನ್ನುವಷ್ಟು ಗಟ್ಟಿ ಪ್ರಯೋಗ ಇನ್ನೂ ಆಗಬೇಕಿದೆ. ನನ್ನ ಮಟ್ಟಿಗೆ, ಈ ಪಟ್ಟಿಯಲ್ಲಿ ದುಡ್ಡು ಹಾಕಿ ದೊಡ್ಡ ಪ್ರಯೋಗ ಮಾಡಿ ನೋಡಬೇಕಾದ ಗಿಡ ಎಂದರೆ ಇದೇ.

ಅಮೃತಬಳ್ಳಿ ದಿನಾ ತಿಂದರೆ ತೊಂದರೆ ಇಲ್ಲ ತಾನೇ?

ಕೋವಿಡ್ ಸಮಯದಲ್ಲಿ ತಿಂಗಳುಗಟ್ಟಲೆ ತಿಂದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ. ದೇಶದ 13 ಆಸ್ಪತ್ರೆಗಳಿಂದ 43 ರೋಗಿಗಳ ವಿವರ ಒಟ್ಟುಗೂಡಿಸಿದ ಅಧ್ಯಯನವೂ ಬಂದಿದೆ. ಆಯುಷ್ ಸಚಿವಾಲಯ ಇದನ್ನು ಒಪ್ಪದೆ, ಅದೇ ಕುಟುಂಬದ ಬೇರೆ ಬಳ್ಳಿ ಬೆರೆತಿರಬಹುದು ಎಂದಿತು. ತಿನ್ನುವವರಿಗೆ ಎರಡರಲ್ಲಿ ಯಾವುದು ನಿಜವಾದರೂ ಸಮಾಧಾನವಿಲ್ಲ. ಥೈರಾಯ್ಡ್, ಸಂಧಿವಾತದಂಥ ರೋಗನಿರೋಧಕ ಶಕ್ತಿ ತನ್ನ ಮೇಲೇ ತಿರುಗಿಬಿದ್ದ ಕಾಯಿಲೆ ಇರುವವರು ದೂರ ಇರುವುದೇ ಒಳ್ಳೆಯದು.

ಕೊಬ್ಬರಿ ಎಣ್ಣೆ ವೈರಸ್ಸಿನ ಪೊರೆ ಕರಗಿಸುತ್ತೆ ಅಂತ ತಿಪಟೂರಿನವರು ಹೇಳ್ತಾರೆ.

ಎಣ್ಣೆಯಲ್ಲ, ಅದರ ಲಾರಿಕ್ ಆಮ್ಲದಿಂದ ಬರುವ ಮೊನೊಲಾರಿನ್. ಅದು ಪ್ರಯೋಗಾಲಯದ ಕೊಳವೆಯಲ್ಲಿ ಪೊರೆ ಹೊದ್ದ ವೈರಸ್‌ಗಳನ್ನು ಒಡೆಯುತ್ತದೆ, ಸೋಪಿನ ಹಾಗೆಯೇ. ವೈರಸ್ ಹೊರಗೆ ಇದ್ದಾಗ ಒಡೆಯುವುದೂ ಕೋಶದೊಳಗೆ ಹೆಚ್ಚದಂತೆ ತಡೆಯುವುದೂ ಬೇರೆ ಬೇರೆ.

ಹಾಗಾದರೆ ಗಿಡದಿಂದ ಬಂದು ವೈರಸ್ ಔಷಧವಾಗಿ ಗೆದ್ದಿದ್ದು ಒಂದೂ ಇಲ್ವಾ?

ಇವೆ, ಕೈಬೆರಳೆಣಿಕೆಯಷ್ಟು. ಹಿಮಾಲಯದಲ್ಲೂ ಬೆಳೆಯುವ ಪೊಡೊಫಿಲಮ್ ಗಿಡದ ಪೊಡೊಫಿಲೊಟಾಕ್ಸಿನ್, ಪ್ಯಾಪಿಲೋಮ ವೈರಸ್ಸಿನಿಂದ ಜನನಾಂಗದ ಮೇಲೆ ಏಳುವ ನರುಲಿಗಳಿಗೆ ಹಚ್ಚುವ ಔಷಧ. ಅದು ಸೋಂಕಿತ ಕೋಶ ಒಡೆದು ಎರಡಾಗುವುದನ್ನೇ ನಿಲ್ಲಿಸುತ್ತದೆ, ಆದ್ದರಿಂದ ಮೇಲೆ ಮಾತ್ರ, ಗರ್ಭಿಣಿಯರಿಗೆ ಕೂಡದು. ಅದೇ ನರುಲಿಗೆ ಹಸಿರು ಚಹಾದ ಕೆಟೆಚಿನ್‌ಗಳ ಮುಲಾಮಿಗೆ 2006ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಎರಡೂ ಚರ್ಮಕ್ಕೆ ಹಚ್ಚುವಂಥವು ಎನ್ನುವುದು ಆಕಸ್ಮಿಕವಲ್ಲ. ತಟ್ಟೆಯಲ್ಲಿ ಬೇಕಾದ ಸಾಂದ್ರತೆಯನ್ನು ಚರ್ಮದ ಮೇಲೆ ತರಬಹುದು, ರಕ್ತದಲ್ಲಿ ತರುವುದು ಕಷ್ಟ.

ಬಿರಿಯಾನಿಗೆ ಹಾಕುವ ಚಕ್ರಮೊಗ್ಗಿನ ಶಿಕಿಮಿಕ್ ಆಮ್ಲದಿಂದ ಫ್ಲೂ ಔಷಧ ಒಸೆಲ್ಟಾಮಿವಿರ್ ತಯಾರಿಸುತ್ತಾರೆ, ಅದಕ್ಕೆ ಅನುಮತಿ ಸಿಕ್ಕಿದ್ದು 1999ರಲ್ಲಿ. ಹಕ್ಕಿಜ್ವರದ ಭಯದಲ್ಲಿ ಚಕ್ರಮೊಗ್ಗಿಗೆ ಬೇಡಿಕೆ ವಿಪರೀತ ಏರಿತ್ತು. ಆದರೆ ಮೊಗ್ಗಿನಲ್ಲಿ ಇರುವುದು ಕಚ್ಚಾವಸ್ತು ಮಾತ್ರ, ಔಷಧವಾಗಲು ಅನೇಕ ರಾಸಾಯನಿಕ ಹಂತಗಳು ಬೇಕು. ಬಿರಿಯಾನಿ ತಿಂದು ಫ್ಲೂ ಹೋಗದು.

ಸೋತವರ ಕತೆ ಇನ್ನೂ ಸ್ವಾರಸ್ಯ. ಕ್ಯಾಲನೊಲೈಡ್ ಸಿಕ್ಕ ಮರ ಮಲೇಷ್ಯಾದ ಸರವಾಕ್ ಕಾಡಿನಲ್ಲಿತ್ತು. ಎಚ್‌ಐವಿ ತಡೆಯುತ್ತದೆ ಎಂದು ತಿಳಿದು ಮತ್ತಷ್ಟು ತರಲು ಹೋದರೆ ಮರವನ್ನೇ ಕಡಿದುಬಿಟ್ಟಿದ್ದರು, ಸುತ್ತಲಿನ ಮರಗಳಲ್ಲಿ ಆ ಗುಣ ಇರಲಿಲ್ಲ. ಕೊನೆಗೆ ಪ್ರಯೋಗಾಲಯದಲ್ಲೇ ತಯಾರಿಸಿ ಮನುಷ್ಯರಲ್ಲಿ ಮೊದಲ ಹಂತದ ಪರೀಕ್ಷೆ ನಡೆಸಿದರು, ಮಾರುಕಟ್ಟೆಗೆ ಮಾತ್ರ ಬರಲಿಲ್ಲ. ನೇರಳೆಯ ಬಳಗದ ಮರವೊಂದರ ಬೆಟುಲಿನಿಕ್ ಆಮ್ಲದಿಂದ ಮಾಡಿದ ಬೆವಿರಿಮ್ಯಾಟ್, ಎಚ್‌ಐವಿ ಕಣ ಕೊನೆಯಲ್ಲಿ ಬಲಿಯುವ ಹಂತವನ್ನು ತಡೆಯುವ ಮೊದಲ ವಸ್ತು. ರೋಗಿಗಳಿಗೆ ಕೊಟ್ಟಾಗ ಹಲವರ ವೈರಸ್ ಸಹಜವಾಗಿಯೇ ಬೇರೆ ರೂಪದ್ದಾಗಿದ್ದರಿಂದ ಅದಕ್ಕೆ ಬಗ್ಗಲಿಲ್ಲ. 2010ರಲ್ಲಿ ಕೈಬಿಟ್ಟರು.

ಕಾಲೇಜು ಪ್ರಾಜೆಕ್ಟಿಗೆ ಡಾಕಿಂಗ್ ಮಾಡಿದ್ದೇವೆ. ತುಳಸಿಯ ಅಂಶ ವೈರಸ್ಸಿನ ಪ್ರೋಟೀನಿಗೆ ಚೆನ್ನಾಗಿ ಕೂರುತ್ತೆ. ಇದು ಪುರಾವೆಯೇ?

ಡಾಕಿಂಗ್ ಎಂದರೆ ಒಂದು ಅಣು ಪ್ರೋಟೀನಿನ ಮೇಲೆ ಹೇಗೆ ಕೂರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಅಲ್ಲಿ ಏನನ್ನು ಬೇಕಾದರೂ ಎಲ್ಲಿ ಬೇಕಾದರೂ ಕೂರಿಸಬಹುದು. ಡಾಕಿಂಗ್ ಅಂಕ ಒಂದು ಊಹೆ, ಮುಂದೆ ಯಾವುದನ್ನು ಪರೀಕ್ಷಿಸಬೇಕು ಎಂದು ಆರಿಸಲು ಉಪಯೋಗ. ಶುದ್ಧ ವಸ್ತು ತಂದು, ಕಿಣ್ವದ ಮೇಲೆ ನೋಡಿ, ಎರಡು ಬಗೆಯ ಕೋಶಗಳಲ್ಲಿ ಇಸಿ-50, ಸಿಸಿ-50 ಅಳೆದ ಮೇಲೆ ಮಾತಾಡೋಣ. ಜೊತೆಗೆ ಈಗಾಗಲೇ ಗೊತ್ತಿರುವ ಔಷಧವೊಂದನ್ನೂ ಅದೇ ತಟ್ಟೆಯಲ್ಲಿ ಇಟ್ಟು ಹೋಲಿಸಿ. ಇದಿಲ್ಲದ ಪ್ರಬಂಧ ನೋಡಿದರೆ ನಾನು ಮುಂದೆ ಓದುವುದಿಲ್ಲ.

ನಮ್ಮೂರಿನ ಬೆಟ್ಟದಲ್ಲಿ ಒಂದು ಬಳ್ಳಿ ಇದೆ, ಸರ್ಪಸುತ್ತಿಗೆ ಅಜ್ಜಿ ಹಚ್ಚುತ್ತಿದ್ದರು. ಯಾರಿಗೆ ತೋರಿಸಬೇಕು?

ಮೊದಲು ಗಿಡ ಯಾವುದು ಎಂದು ಖಚಿತವಾಗಬೇಕು. ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ತೋರಿಸಿ. ಔಷಧಿ ಸಸ್ಯಗಳ ದೊಡ್ಡ ಒಣ ಸಂಗ್ರಹ ಯಲಹಂಕದ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದಲ್ಲಿದೆ. ತುಮಕೂರಿನ ದೇವರಾಯನದುರ್ಗದಂಥ ಕಾಯ್ದಿಟ್ಟ ಕಾಡಿನಿಂದ ಅನುಮತಿ ಇಲ್ಲದೆ ಕೀಳುವಂತಿಲ್ಲ. ಮನೆತನದ ತಿಳಿವಳಿಕೆಯನ್ನು ಕಂಪನಿಗೆ ಹೇಳುವ ಮೊದಲು 2002ರ ಜೀವವೈವಿಧ್ಯ ಕಾಯ್ದೆಯಡಿ ನಿಮ್ಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ ದಾಖಲಿಸುವುದು ಜಾಣತನ, ಲಾಭ ಬಂದರೆ ಪಾಲು ಕೇಳಲು ಆಧಾರವಾಗುತ್ತದೆ. ಸರ್ಪಸುತ್ತು ಎರಡು ಮೂರು ವಾರಗಳಲ್ಲಿ ಸಾಮಾನ್ಯವಾಗಿ ತಾನೇ ಒಣಗುವ ವೈರಸ್ ಕಾಯಿಲೆ ಎನ್ನುವುದನ್ನೂ, ಕಣ್ಣಿನ ಸುತ್ತ ಬಂದರೆ ಅದೇ ದಿನ ಡಾಕ್ಟರಿಗೆ ತೋರಿಸಬೇಕು ಎನ್ನುವುದನ್ನೂ ಮರೆಯಬೇಡಿ. ಗಿಡ ತರುವಾಗ ಹೂವು ಅಥವಾ ಕಾಯಿ ಇರುವ ಕೊಂಬೆ ತನ್ನಿ. ಹಳೆಯ ದಿನಪತ್ರಿಕೆಯ ನಡುವೆ ಒತ್ತಿಟ್ಟು, ಎಲ್ಲಿ, ಯಾವ ತಿಂಗಳು ಸಿಕ್ಕಿತು ಎಂದು ಬರೆದಿಡಿ. ಬರೀ ಎಲೆ ಅಥವಾ ಪುಡಿ ತಂದರೆ ಹೆಸರು ಹೇಳುವುದು ಯಾರಿಗೂ ಸುಲಭವಲ್ಲ.